ಮೈದುನನ ತಗಡು

ಆ ಮಧ್ಯಾಹ್ನ ಬಣ್ಣ ಬಳಿಯುವ ಹೆಂಗಸು ನನ್ನ ಮೈದುನನ ತಗಡಿನ ಕೆಳಗೆ ನಿದ್ದೆ ಹೋಗಿದ್ದಳು. ನಾನು ನೀರಿನ ತಂಬಿಗೆ ಹಿಡಿದುಕೊಂಡು ಹಿಂದಿನ ಪಡಸಾಲೆಯ ಹೊಸ್ತಿಲಲ್ಲಿ ನಿಂತುಬಿಟ್ಟೆ. ನೀರು ಕೇಳಿದವಳು ನೀರು ಬರುವಷ್ಟರಲ್ಲಿ ಮಲಗಿದ್ದರಲ್ಲಿ ವಿಚಿತ್ರವೇನಿರಲಿಲ್ಲ, ಬೆಳಗಿನಿಂದ ಮಾಡಿನ ಮೇಲೆ ದುಡಿದವಳು. ಆದರೆ ಅವಳ ಹಣೆಯ ಮೇಲೆ ಒಂದು ಹನಿ ಬೆವರಿರಲಿಲ್ಲ. ಬಗ್ಗಿ ಅವಳ ಮುಂಗೈ ಮುಟ್ಟಿದೆ. ನೀರು ತುಂಬಿದ ಮಣ್ಣಿನ ಗಡಿಗೆಯಂತೆ ತಣ್ಣಗಿತ್ತು. ನಾನು ತಂಬಿಗೆಯನ್ನು ಅಲ್ಲೇ ಇಟ್ಟು ಓಡಿಬಂದು ನನ್ನ ತಗಡಿನ ಕೆಳಗೆ ಕೂತೆ. ಅಲ್ಲಿ ಅಷ್ಟು ಹೊತ್ತು ನಿಂತಿದ್ದಕ್ಕೇ ನನ್ನ ಕುಪ್ಪಸ ಒದ್ದೆಯಾಗಿ ಬೆನ್ನಿಗೆ ಅಂಟಿಕೊಂಡಿತ್ತು.

ಈ ಊರಲ್ಲಿ ಒಬ್ಬರ ತಗಡಿನ ನೆರಳು ಇನ್ನೊಬ್ಬರಿಗೆ ತಂಪಾಗುವುದಿಲ್ಲ. ಕೂಸನ್ನು ತೊಟ್ಟಿಲಿಗೆ ಹಾಕುವ ದಿನವೇ ಅದರ ತಗಡನ್ನೂ ಏರಿಸುತ್ತಾರೆ. ಮನೆಯ ಹಿರಿಯರು ಹೆಸರು ಹಿಡಿದು ಕೂಗುತ್ತಾರೆ. ಯಾರ ತಗಡೋ ಅವರು ಅದರ ಮೇಲೆ ಕೈಯಿಟ್ಟು "ಓ" ಅನ್ನಬೇಕು, ಕೂಸಾದರೆ ಅದರ ಪರವಾಗಿ ತಾಯಿ ಅನ್ನುತ್ತಾಳೆ. ಆಮೇಲೆ ಮೊದಲ ಸ್ಕ್ರೂ ತಿರುಗುತ್ತದೆ. ಅಲ್ಲಿಂದ ಸಾಯುವವರೆಗೆ ಅದರ ಕೆಳಗೇ ಅವರ ಹಾಸಿಗೆ, ಅವರ ಊಟದ ಮಣೆ. ಸೂರ್ಯ ನೆತ್ತಿಯ ಮೇಲೆ ಬಂದು ನಿಂತನೆಂದರೆ ಬೀದಿಗಳು ಬಿಕೋ ಎನ್ನುತ್ತವೆ. ಒಳಗೆ ಗಂಡ, ಹೆಂಡತಿ, ಮಕ್ಕಳು ತಂತಮ್ಮ ತಗಡಿನ ಕೆಳಗೆ ಕೂತು ಅಷ್ಟಷ್ಟು ದೂರದಿಂದಲೇ ಮಾತಾಡುತ್ತಾರೆ, ಜಗಳವಾಡುತ್ತಾರೆ, ಬೇಳೆ ಆರಿಸುತ್ತಾರೆ. ಗಿಡದ ನೆರಳು, ಗೋಡೆಯ ನೆರಳು ಇಲ್ಲಿ ಲೆಕ್ಕಕ್ಕಿಲ್ಲ. ಬೇಸಿಗೆಯಲ್ಲಿ ಯಾರೂ ಯಾರ ಮನೆಗೂ ಹೋಗಿ ಉಳಿಯುವುದಿಲ್ಲ. ಹೊರಗೆ ಹೋಗಲೇಬೇಕಾದವರು ತಮ್ಮ ತಗಡಿನದೇ ತುಂಡಿನಿಂದ ಮಾಡಿದ ಕೊಡೆ ಹಿಡಿದು ಹೋಗುತ್ತಾರೆ.

ನಾನು ಮದುವೆಯಾಗಿ ಇಲ್ಲಿಗೆ ಬಂದವಳು. ನನ್ನ ತವರಿನಲ್ಲಿ ಹೆಂಚಿನ ಮನೆ, ಒಂದೇ ಚಾಪೆಯ ಮೇಲೆ ಎಲ್ಲರೂ ಸಾಲಾಗಿ ಮಲಗುತ್ತಿದ್ದೆವು. ಬಂದ ದಿನ ನನ್ನ ಅತ್ತೆ ಗುರುಸಿದ್ದವ್ವ ನನ್ನ ಕೈಯನ್ನು ಹೊಸ ತಗಡಿನ ಮೇಲಿಟ್ಟು "ನೀಲಗಂಗಾ" ಎಂದು ಕೂಗಿದರು. ನಾಚಿಕೆಗೆ ನನ್ನ ಬಾಯಿಂದ ಸ್ವರವೇ ಹೊರಡಲಿಲ್ಲ. "ಓ ಅನ್ನವ್ವಾ, ಇಲ್ಲಾಂದ್ರ ಜಲಮೆಲ್ಲಾ ಸುಟ್ಕೋತಿ" ಎಂದು ಗದರಿದ ಮೇಲೆ ಅಂದೆ. ಅಂದಿನಿಂದ ಆ ತಂಪು ನನ್ನದಾಯಿತು. ಯಾಕೆ ಹೀಗೆ ಎಂದು ಗಂಡನನ್ನು ಮೊದಮೊದಲು ಕೇಳಿದ್ದೆ. ಅವನಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. "ಮತ್ತ ಹೆಂಗಿರಬೇಕು?" ಎಂದು ತಿರುಗಿ ಕೇಳಿದ.

ನಮ್ಮ ಮನೆಯಲ್ಲಿ ನಾನು, ಹಿಟ್ಟಿನ ಗಿರಣಿ ನಡೆಸುವ ನನ್ನ ಗಂಡ ಮಹಾಲಿಂಗಪ್ಪ, ಅತ್ತೆ, ಆಗಷ್ಟೇ ಶಾಲೆಗೆ ಸೇರಿದ್ದ ಮಗಳು ಸುವ್ವಿ ಇಷ್ಟೇ ಜನ. ಮಾವ ತೀರಿಕೊಂಡಾಗ ಅವರ ತಗಡನ್ನು ಇಳಿಸಿ ಬಡಿದು ದನದ ಗೋದಲಿ ಮಾಡಿದ್ದೆವು, ಅದು ಇಲ್ಲಿಯ ರೂಢಿ. ಆದರೂ ಮಾಡಿನಲ್ಲಿ ಒಂದು ತಗಡು ಹೆಚ್ಚಿಗೆ ಇತ್ತು. ಹಿಂದಿನ ಪಡಸಾಲೆಯ ಮೂಲೆಯಲ್ಲಿದ್ದ ಅದು ನನ್ನ ಗಂಡನ ತಮ್ಮ ಸಿದ್ರಾಮನದು. ನಾನು ಈ ಮನೆಗೆ ಬರುವ ಮೊದಲೇ, ಇನ್ನೂ ಮೀಸೆ ಮೂಡುವ ವಯಸ್ಸಿನಲ್ಲೇ, ಅವನು ಮನೆ ಬಿಟ್ಟು ಹೋಗಿದ್ದನಂತೆ. ಯಾಕೆ ಹೋದ ಎಂದು ಯಾರೂ ಹೇಳಿರಲಿಲ್ಲ. ಅತ್ತೆ ಅದರ ಕೆಳಗೆ ಒಂದು ಹಗ್ಗದ ಮಂಚ ಹಾಕಿಸಿ, ಬೆವರು ಸುರಿಸುತ್ತಲೇ ದಿನಾ ಅಲ್ಲಿ ಕಸ ಗುಡಿಸುತ್ತಿದ್ದರು. "ಇಳಿಸಿಬಿಡೂಣು" ಎಂದು ಗಂಡ ಒಮ್ಮೆ ಅಂದಿದ್ದಕ್ಕೆ ಎರಡು ಹೊತ್ತು ಊಟ ಬಿಟ್ಟಿದ್ದರು. ಆಮೇಲೆ ಆ ಮಾತು ನಿಂತಿತು.

ಅಂಥ ತಗಡಿನ ಕೆಳಗೆ, ಊರೂರು ಅಲೆದು ಮಾಡುಗಳಿಗೆ ಬಿಳಿ ಬಣ್ಣ ಬಳಿಯುವ ಒಬ್ಬ ಹೆಂಗಸು ತಣ್ಣಗೆ ಮಲಗಿದ್ದಳು.

ಬಿಳಿ ಬಳಿದ ತಗಡು ಬಿಸಿಲನ್ನು ಅರ್ಧಕ್ಕರ್ಧ ಹಿಂದಕ್ಕೆ ಕಳಿಸುತ್ತದೆ. ಹಾಗಾಗಿ ಬೇಸಿಗೆ ಏರುವ ಮುನ್ನ ಬಣ್ಣದವರ ತಂಡಗಳು ಹೊರಗಿನಿಂದ ಬರುತ್ತವೆ. ಅವರಿಗೆ ಇಲ್ಲಿ ತಗಡಿಲ್ಲವಾದ್ದರಿಂದ ಬೆಳಿಗ್ಗೆ ದುಡಿದು, ನಡುಮಧ್ಯಾಹ್ನ ಊರ ಹೊಂಡಕ್ಕೆ ಹೋಗಿ ಕುತ್ತಿಗೆವರೆಗೆ ನೀರಲ್ಲಿ ಕೂತುಬಿಡುತ್ತಾರೆ. ಆ ವರ್ಷ ಬಂದದ್ದು ಹೆಂಗಸರ ತಂಡ. ಅದರ ಹಿರಿಯಾಳು ಮಂದಾಕಿನಿ ಎತ್ತರದವಳು. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ಟವೆಲು ಸುತ್ತಿರುತ್ತಿದ್ದಳು. ದನಿ ಸ್ವಲ್ಪ ಒಡೆದಿತ್ತು. ನಮ್ಮ ಮನೆಯ ಮುಂದಿನ ಮಾಡು ಮುಗಿದ ದಿನ ಉಳಿದವರೆಲ್ಲ ಹೊಂಡಕ್ಕೆ ಹೋದರೂ ಇವಳೊಬ್ಬಳು ಹಿಂದೆ ಉಳಿದು, ಕುಡಿಯಲು ನೀರು ಕೇಳಿ, ನಾನು ಕೂರು ಅನ್ನುವ ಮೊದಲೇ ಪಡಸಾಲೆ ದಾಟಿ ಹಿಂದಕ್ಕೆ ಹೋಗಿದ್ದಳು.

ಅವಳು ಎದ್ದಾಗ ಬಿಸಿಲು ವಾಲಿತ್ತು. ಗಟಗಟನೆ ನೀರು ಕುಡಿದು, ನನ್ನ ಮುಖ ನೋಡದೆ "ಬರ್ತೀನಿ" ಎಂದು ಹೊರಟುಹೋದಳು. ಅವಳ ಕಣ್ಣುಗಳು ಕೆಂಪಗಿದ್ದವು. ನಿದ್ದೆಯಿಂದಲೋ ಅಳುವಿನಿಂದಲೋ ನನಗೆ ತಿಳಿಯಲಿಲ್ಲ. ಕಣ್ಣಿಗೆ ಪೊರೆ ಬಂದಿದ್ದ ಅತ್ತೆ ತಮ್ಮ ತಗಡಿನ ಕೆಳಗಿಂದ ಆ ದಿಕ್ಕಿಗೆ ಮುಖ ಮಾಡಿ ಕೂತಿದ್ದರು. ಏನಾದರೂ ಕಂಡಿತೋ ಇಲ್ಲವೋ ಅದೂ ತಿಳಿಯಲಿಲ್ಲ.

ನಾನು ಬಾಯಿ ಬಿಡಬಾರದೆಂದಿದ್ದೆ. ಆದರೆ ಸುವ್ವಿ ನೋಡಿದ್ದಳು. ಸಂಜೆ ಪಕ್ಕದ ಮನೆಯ ಫಕೀರವ್ವ ಅರಿಷಿಣ ಕೇಳುವ ನೆಪದಲ್ಲಿ ಬಂದು, "ನಿಮ್ಮ ಸಿದ್ರಾಮನ ಪತ್ರಾಸು ಕೆಟ್ಟೈತಂತ? ಕಂಡಕಂಡಾರಿಗೆ ತಂಪು ಕೊಡಾಕತ್ತೈತಂತ?" ಎಂದಳು. ತಗಡು ಕೆಟ್ಟಿರಬಹುದೆಂದು ನಾನೂ ಅಂದುಕೊಂಡಿದ್ದೆ. ಹಾಗೆ ಯೋಚಿಸುವುದೇ ಸುಲಭವಾಗಿತ್ತು. ಮರುದಿನ ಮಧ್ಯಾಹ್ನ ಫಕೀರವ್ವ ತಾನೇ ಬಂದು ಆ ಮಂಚದ ಮೇಲೆ ಕೂತು ನೋಡಿದಳು. ಕೂತವಳು ಎಲೆಯಡಿಕೆ ಬಾಯಿಗೆ ಹಾಕುವಷ್ಟರಲ್ಲೇ "ಯವ್ವಾ ಯವ್ವಾ, ಹೆಂಚಿನ ಮ್ಯಾಲೆ ಕುಂತಂಗಾತು" ಎಂದು ಸೀರೆ ಕೊಡವಿಕೊಂಡು ಎದ್ದಳು. ಹಾಗಾದರೆ ತಗಡು ಸರಿಯಾಗಿಯೇ ಇತ್ತು. ನನ್ನ ತಲೆ ಇನ್ನಷ್ಟು ಕೆಟ್ಟಿತು.

ಫಕೀರವ್ವನಿಗೆ ಉಸಿರಾಡಿದಷ್ಟೇ ಸಲೀಸಾಗಿ ಕಥೆಗಳು ಹುಟ್ಟುತ್ತವೆ. ಅತ್ತೆಗೆ ಯಾರಿಗೂ ಗೊತ್ತಿಲ್ಲದ ಒಬ್ಬ ಮಗಳಿದ್ದಳು ಎಂದಳು. ಸಿದ್ರಾಮ ಸತ್ತಿದ್ದಾನೆ, ತಗಡು ಬೇರೆಯವರನ್ನು ಹಿಡಿದಿದೆ ಎಂದಳು. ಕೊನೆಗೆ ದನಿ ತಗ್ಗಿಸಿ, "ನಿನ್ನ ಗಂಡಗ ಅಕಿ ಪರಿಚಯದಾಕಿ ಹೌದೋ ಅಲ್ಲೋ, ಅದನ್ನ ನೋಡು ಮೊದಲ" ಎಂದು ಹೇಳಿ ಹೋದಳು. ಆ ಮಾತು ಮುಳ್ಳಿನಂತೆ ನನ್ನೊಳಗೆ ಉಳಿಯಿತು. ಯಾಕೆಂದರೆ ಆ ದಿನ ಬೆಳಿಗ್ಗೆ ಗಿರಣಿಗೆ ಹೊರಟ ಗಂಡ ಅಂಗಳದಲ್ಲಿ ನಿಂತು, ಏಣಿ ಹತ್ತುತ್ತಿದ್ದ ಮಂದಾಕಿನಿಯನ್ನು ನೋಡಿದ್ದ. ಅವಳು ಎಡಗಾಲನ್ನು ಮೊದಲು ಇಟ್ಟು, ಒಂದು ಮೆಟ್ಟಿಲು ಬಿಟ್ಟು ಹಾರಿದಂತೆ ಹತ್ತುತ್ತಿದ್ದಳು. ಅವನ ಮುಖದ ಬಣ್ಣವೇ ಹೋಗಿತ್ತು. ಕೊಡೆಯನ್ನೂ ಮರೆತು ನಡೆದುಬಿಟ್ಟಿದ್ದ.

ಸಂಜೆ ಬಂದವನು ಕೈಕಾಲು ತೊಳೆಯುವ ಮೊದಲೇ, "ಆ ಬಣ್ಣದಾಕಿಗೆ ನಾಳಿಂದ ಬರೂದು ಬ್ಯಾಡ ಅನ್ನು" ಎಂದ.

"ಯಾಕ್ರಿ? ಹಿಂದಿನ ಮಾಡು ಇನ್ನೂ ಉಳದೈತಿ."

"ಉಳೀಲಿ."

"ನಿಮಗ ಅಕಿ ಗೊತ್ತೇನು?"

ಅವನು ನನ್ನನ್ನೇ ನೋಡಿದ. "ನಿನಗ ತಿಳಿಯೂದಿಲ್ಲ ನೀಲಾ" ಎಂದು ಟವೆಲು ತೆಗೆದುಕೊಂಡು ಬಚ್ಚಲಿಗೆ ಹೋದ. ಗಂಡನಿಗೂ ಆ ಹೆಂಗಸಿಗೂ ಏನೋ ಇದೆ ಎಂದೇ ಅಂದುಕೊಂಡೆ. ಆದರೆ ಹಾಗಿದ್ದರೆ ತಗಡು ಯಾಕೆ ತಂಪು ಕೊಟ್ಟಿತು? ಅದು ಅವನದಲ್ಲ, ತಮ್ಮನದು. ಎಲ್ಲಿಂದ ಯೋಚಿಸಲು ಶುರುಮಾಡಿದರೂ ಅಲ್ಲಿಗೆ ಬಂದು ದಾರಿ ಮುಗಿಯುತ್ತಿತ್ತು. ಆ ದಿನ ರೊಟ್ಟಿ ಬಡಿಯುತ್ತ ಎರಡು ರೊಟ್ಟಿ ಸೀಯಿಸಿದೆ.

ಮಂದಾಕಿನಿಗೆ ಬರಬೇಡವೆಂದು ನಾನು ಹೇಳಲಿಲ್ಲ. ಬೆಳಿಗ್ಗೆ ಅವಳು ಅಂಗಳದಲ್ಲಿ ಕೂತು ಡಬ್ಬಿಯಲ್ಲಿ ಬಣ್ಣ ಕಲಕುತ್ತಿದ್ದಾಗ ನೇರವಾಗಿ ಎದುರು ಹೋಗಿ ನಿಂತೆ. ಅವಳ ಜೊತೆಯವರು ಆಗಲೇ ಮೇಲಿದ್ದರು.

"ನಮ್ಮ ಮನಿಯವರು ನಿಮಗೆ ಹೆಂಗ ಗೊತ್ತು?" ಎಂದೆ.

ಅವಳು ಕಲಕುವುದನ್ನು ನಿಲ್ಲಿಸಲಿಲ್ಲ. ಕೋಲಿಗೆ ಅಂಟಿದ ಬಿಳಿ ಬಣ್ಣವನ್ನು ಡಬ್ಬಿಯ ಅಂಚಿಗೆ ಒರೆಸಿ, ಆಮೇಲೆ ತಲೆಯೆತ್ತಿ, "ಕೂಡ್ರಿ ವೈನಿ" ಎಂದಳು.

ವೈನಿ ಎಂದರೆ ಅಣ್ಣನ ಹೆಂಡತಿ. ಆ ಮಾತನ್ನು ನನಗೆ ಈವರೆಗೆ ಯಾರೂ ಅಂದಿರಲಿಲ್ಲ. ಅನ್ನಬೇಕಾದ ಒಬ್ಬನೇ ಮನುಷ್ಯ ಮನೆ ಬಿಟ್ಟು ಹೋಗಿದ್ದ. ನಾನು ಕೂಡಲಿಲ್ಲ. ಅವಳ ಮುಖ ನೋಡಿದೆ. ಅತ್ತೆಯ ಹಾಗೆ ನಡುವೆ ಸ್ವಲ್ಪ ಎದ್ದ ಮೂಗು. ನನ್ನ ಗಂಡನದೇ ಗದ್ದ. ಇಷ್ಟು ದಿನ ಅಂಗಳದಲ್ಲಿ ಓಡಾಡಿದ ಈ ಮುಖ ನನಗೆ ಯಾಕೆ ಕಾಣಲಿಲ್ಲ?

"ಸಿದ್ರಾಮ..." ಎಂದೆ. ಅದು ಪ್ರಶ್ನೆಯೋ ಕರೆಯೋ ನನಗೇ ಗೊತ್ತಾಗಲಿಲ್ಲ.

"ಆ ಹೆಸರಿನಿಂದ ಈ ಮನಿ ಬಿಟ್ಟಿದ್ದೆ. ಹೊರಗ ಹೋಗಿ ಭಾಳ ವರ್ಷಕ್ಕ ಮಂದಾಕಿನಿ ಆದೆ. ನಾ ಮೊದಲಿಂದ್ಲೂ ಇಕೀನ ಇದ್ದೆ ವೈನಿ. ಆದ್ರ ಹೇಳಾಕ ಹೆಸರು ಇರಲಿಲ್ಲ." ಅವಳು ತಲೆಯ ಟವೆಲು ಬಿಚ್ಚಿ ಕುತ್ತಿಗೆ ಒರೆಸಿಕೊಂಡಳು. "ಒಂದಿನ ಅವ್ವನ ಸೀರಿ ಉಟ್ಕೊಂಡು ನನ್ನ ಪತ್ರಾಸಿನ ಕೆಳಗ ಕುಂತಿದ್ದೆ. ಎಲ್ಲಾರೂ ಲಗ್ನಕ್ಕ ಹೋಗಿದ್ರು. ಅಣ್ಣ ನಡಕ ಬಂದ. ನೋಡಿದ. ಅಪ್ಪಗ ಹೇಳಿದ. ಅಪ್ಪ ಈ ಪತ್ರಾಸ ಬಿಚ್ಚಿ ಒಗೀತೀನಿ, ಬಿಸಲಾಗ ಬಿದ್ದು ಸಾಯಿ ಅಂದ್ರು. ಅವ್ವ ಅಲ್ಲೇ ನಿಂತಿದ್ಲು. ಏನೂ ಅನ್ನಲಿಲ್ಲ. ಅವರು ಬಿಚ್ಚೂಕಿಂತ ಮೊದಲ ನಾನ ಹ್ವಾದೆ."

ಬಿಸಿಲು ಏರುತ್ತಿತ್ತು. ನನ್ನ ಕೊಡೆ ಒಳಗಿತ್ತು, ತರಬೇಕೆಂಬುದೂ ಹೊಳೆಯಲಿಲ್ಲ.

"ಹೊರಗಿನ ಊರಾಗ ಬಿಸಲು ಹೆಂಗ ತಡಕೊಂಡ್ರಿ?" ಎಂದು ಕೇಳಿದೆ. ಕೇಳಬೇಕಾದ ನೂರು ಮಾತಿದ್ದಾಗ ನನಗೆ ಬಂದದ್ದು ಅದು.

ಅವಳು ನಕ್ಕಳು. "ಅಲ್ಲಿ ಎಲ್ಲಾ ನೆರಳೂ ಎಲ್ಲಾರಿಗೂ ತಂಪ ಇರ್ತಾವ, ನಿಮಗ ಗೊತ್ತಲ್ಲ. ಬಸ್‌ಸ್ಟ್ಯಾಂಡು, ಗಿಡ, ಯಾರದೋ ಅಂಗಡಿ ಕಟ್ಟಿ. ಎಲ್ಲಿ ಕುಂತ್ರೂ ನಡೀತಿತ್ತು. ಆದ್ರ ನಿದ್ದಿ ಹತ್ತಲಿಲ್ಲ. ಮೊನ್ನೆ ಆ ಮಂಚದ ಮ್ಯಾಲೆ ಕೂಡೂ ಮುಂದ ಭಾಳ ಅಂಜಿಕಿ ಬಂದಿತ್ತು. ಪತ್ರಾಸಿಗೆ ನಾ ಯಾರಂತ ಗುರುತು ಸಿಗತೈತೋ ಇಲ್ಲೋ ಅಂತ."

"ಅತ್ತಿಗೆ ಹೇಳಿದ್ರೇನು?"

"ಇಲ್ಲ. ಹೇಳಾಕಂತ ಬಂದಿಲ್ಲ. ನೋಡಾಕ ಬಂದಿದ್ದೆ" ಎಂದು ಡಬ್ಬಿ ಎತ್ತಿಕೊಂಡು ಏಣಿಯ ಕಡೆ ಹೋದಳು. ಎಡಗಾಲು ಮೊದಲು, ಒಂದು ಮೆಟ್ಟಿಲು ಬಿಟ್ಟು.

ನಾನು ಒಳಗೆ ಬಂದು ಒಲೆಯ ಮುಂದೆ ಕೂತೆ. ಮೈದುನ ಎಂದು ಅಂದುಕೊಂಡರೆ ಸೀರೆಯುಟ್ಟ ಆ ಆಕಾರ ಕಣ್ಣಿಗೆ ಬರುತ್ತಿತ್ತು. ನಾದಿನಿ ಎಂದರೆ ಗೋಡೆಯ ಮೇಲಿನ ಫೋಟೋದಲ್ಲಿದ್ದ ತೆಳು ಹುಡುಗ ಎದ್ದು ಬರುತ್ತಿದ್ದ. ಯಾರಲ್ಲಾದರೂ ಕೇಳೋಣವೆಂದರೆ ಇಂಥದ್ದಕ್ಕೆ ಯಾರನ್ನು ಕೇಳುವುದು? ಗಂಡನ ಮೇಲಿನ ಅನುಮಾನ ಕರಗಿತ್ತು. ಆದರೆ ಅದರ ಜಾಗಕ್ಕೆ ಬಂದದ್ದು ಏನೆಂದು ಹೆಸರಿಡಲು ನನಗೆ ಬರಲಿಲ್ಲ.

ಮಧ್ಯಾಹ್ನ ಇನ್ನೊಂದು ನೋಡಿದೆ. ಅತ್ತೆ ಪೆಟ್ಟಿಗೆ ತೆಗೆದು, ಬಾಣಂತನಕ್ಕೆಂದು ಎತ್ತಿಟ್ಟಿದ್ದ ಹೊಸ ಕೌದಿಯನ್ನು ತಡಕಾಡುತ್ತ ಒಯ್ದು ಆ ಹಗ್ಗದ ಮಂಚದ ಮೇಲೆ ಹಾಸುತ್ತಿದ್ದರು. "ಯಾರಿಗತ್ತೀ ಇದು?" ಎಂದು ಕೇಳಿದೆ. "ಮಲಗಾವ್ರಿಗೆ" ಎಂದರು. ಅವರಿಗೆ ಗೊತ್ತಿತ್ತೋ, ಅಥವಾ ಆ ಹೆಂಗಸು ಯಾರೋ ಪಾಪದವಳೆಂದು ಹಾಗಂದರೋ, ಪೊರೆ ಬಂದ ಕಣ್ಣಿನಲ್ಲಿ ಏನನ್ನೂ ಓದಲು ಆಗಲಿಲ್ಲ. ಮಂದಾಕಿನಿ ಬಂದು ಆ ಕೌದಿಯ ಮೇಲೆ ಮಲಗಿದಳು. ಅತ್ತೆ ತಮ್ಮ ತಗಡಿನ ಕೆಳಗಿಂದ, ಅವಳು ತನ್ನ ತಗಡಿನ ಕೆಳಗಿಂದ, ಇಬ್ಬರೂ ಒಂದು ಮಾತೂ ಆಡದೆ ಆ ಮಧ್ಯಾಹ್ನ ಕಳೆದರು.

ಸಂಜೆ ನಾನೇ ಗಂಡನಿಗೆ ಹೇಳಿದೆ, ನನಗೆ ತಿಳಿದಿದೆ ಎಂದು. ಅವನು ಊಟ ಅರ್ಧಕ್ಕೆ ಬಿಟ್ಟು ಕೈಯನ್ನು ತಟ್ಟೆಯಲ್ಲೇ ಇಟ್ಟು ಕೂತ. "ನಾ ಅಪ್ಪಗ ಹೇಳಬಾರದಿತ್ತು. ಅಷ್ಟು ನನಗ ಗೊತ್ತೈತಿ" ಎಂದ. "ಗಿರಣಿ ಮುಂದ ಯಾರರ ಎತ್ತರದ ಹುಡುಗ ಹಾದು ಹೋದ್ರ ಎದ್ದು ನಿಂತು ನೋಡ್ತಿದ್ದೆ ನೀಲಾ. ಇಷ್ಟು ವರ್ಷ ತಮ್ಮನ್ನ ಕಾಯಾಕತ್ತಿದ್ದೆ. ಈಗ ಇಕಿ ಬಂದಾಳ. ಇಕಿ ಬಂದ್ಲು ಅಂದ್ರ ಅಂವ ಇನ್ನ ಬರೂದಿಲ್ಲ. ನಾ ಇನ್ನ ಯಾರನ್ನ ಕಾಯ್ಲಿ?"

ಅವನ ಸಿಟ್ಟು ಅರ್ಥವಾಗದೆ ಒದ್ದಾಡಿದ್ದೆ, ಅವನ ದುಃಖ ಅದಕ್ಕಿಂತ ಕಷ್ಟವಾಗಿತ್ತು. ತಟ್ಟೆ ಎತ್ತಿಕೊಂಡು ಒಳಗೆ ಹೋದೆ.

ಇಷ್ಟಕ್ಕೇ ನಿಂತಿದ್ದರೆ ಬಣ್ಣ ಮುಗಿಸಿ ಅವಳು ಹೊರಟುಹೋಗುತ್ತಿದ್ದಳೋ ಏನೋ. ಆದರೆ ಹಿಂದಿನ ಮಾಡು ಕೆರೆದು ನೋಡಿದಾಗ ಸ್ಕ್ರೂಗಳೆಲ್ಲ ತುಕ್ಕು ಹಿಡಿದಿದ್ದವು, ಗೆದ್ದಲು ಅಡಿಯ ಜಂತಿಗಳನ್ನು ತಿಂದು ಮುಂದಿನ ಮಾಡಿಗೂ ಹಬ್ಬಿತ್ತು. ಒಂದು ದೊಡ್ಡ ಗಾಳಿ ಬಂದರೆ ಎಲ್ಲವೂ ಹಾರಿಹೋಗುವ ಸ್ಥಿತಿ. ತಗಡುಗಳನ್ನೆಲ್ಲ ಇಳಿಸಿ, ಜಂತಿ ಬದಲಿಸಿ, ಮತ್ತೆ ಏರಿಸಬೇಕಾಯಿತು. ಇಳಿದ ತಗಡು ಮತ್ತೆ ಏರಬೇಕಾದರೆ ಮತ್ತೆ ಹೆಸರು ಕೂಗಬೇಕು, ಮತ್ತೆ ಓ ಅನ್ನಬೇಕು. ಹೆಸರು ಹೊಂದಲಿಲ್ಲವೋ, ಆ ತಗಡು ಆ ಮನುಷ್ಯನಿಗೆ ಎಂದೆಂದಿಗೂ ಬರಿಯ ಬಿಸಿ ಲೋಹ. ಕೆಳಗಿನ ಓಣಿಯಲ್ಲಿ ಒಬ್ಬ ಅಜ್ಜ ಅವಸರದಲ್ಲಿ ಮೊಮ್ಮಗನ ಹೆಸರಿನ ಬದಲು ಮಗನ ಹೆಸರು ಕೂಗಿ, ಆ ಹುಡುಗನನ್ನು ಬೇಸಿಗೆಯೆಲ್ಲ ಸೋದರಮಾವನ ಊರಿಗೆ ಕಳಿಸಬೇಕಾಗಿ ಬಂದಿತ್ತು. ಎರಡನೆಯ ತಗಡು ಯಾರಿಗೂ ಒಗ್ಗುವುದಿಲ್ಲ.

"ಸಿದ್ರಾಮ ಅಂತನ ಕೂಗಬೇಕು" ಎಂದ ನನ್ನ ಗಂಡ, ಅತ್ತೆಯ ಎದುರಿಗೇ. "ಇವತ್ತಿನ ತನಕ ತಂಪು ಕೊಟ್ಟಿದ್ದು ಅದ ಹೆಸರು. ಕೆಲಸ ಮಾಡೂದನ್ನ ಯಾಕ ಬದಲು ಮಾಡಬೇಕು?" ಅದು ಸರಿ ಅನಿಸಿತು. ಆಮೇಲೆ ಮಂದಾಕಿನಿಯ ಮುಖ ನೋಡಿದಾಗ ಸರಿಯಲ್ಲ ಅನಿಸಿತು. ಅವಳು ಹೊಸ ಜಂತಿಗಳಿಗೆ ಗೆದ್ದಲೆಣ್ಣೆ ಹಚ್ಚುತ್ತ ನನಗೆ ಮಾತ್ರ ಕೇಳುವಂತೆ, "ಅವ್ವ ಸಿದ್ರಾಮ ಅಂದ್ರ ಓ ಅಂತೀನಿ ವೈನಿ. ಅವ್ವನ ಬಾಯಿಂದ ಬಂದ್ರ ಅಂದಬಿಡ್ತೀನಿ. ಅದು ತಾಗತೈತೋ ಇಲ್ಲೋ ಗೊತ್ತಿಲ್ಲ. ನಾ ಆ ಹೆಸರಿಗೆ ತಿರುಗಿ ನೋಡಿ ಭಾಳ ದಿನ ಆತು" ಎಂದಳು. ಯಾವ ಹೆಸರನ್ನು ತಗಡು ಒಪ್ಪುತ್ತದೆ ಎಂದು ಅವಳಿಗೂ ತಿಳಿದಿರಲಿಲ್ಲ, ನಮಗೂ ತಿಳಿದಿರಲಿಲ್ಲ. ಊರಲ್ಲಿ ಹಿಂದೆ ಇಂಥದ್ದು ನಡೆದಿದ್ದರೆ ಅದನ್ನು ಯಾರೂ ಹೇಳಿ ಹೋಗಿರಲಿಲ್ಲ.

ಆ ದಿನ ಮೂಡಣ ಕೆಂಪಾಗುವ ಹೊತ್ತಿಗೇ ತಂಡದವರು ಬಂದರು. ಮಾಡಿಲ್ಲದ ಮನೆಯನ್ನು ನಾನು ಅದೇ ಮೊದಲು ನೋಡಿದ್ದು. ಅಡುಗೆಮನೆಯ ಮಸಿ, ದೇವರ ಗೂಡು, ಹಾಸಿಗೆಗಳು ಎಲ್ಲವೂ ಆಕಾಶದ ಕೆಳಗೆ ಬೆತ್ತಲಾಗಿ ನಿಂತಂತಿದ್ದವು. ಬಿಸಿಲು ಬಲಿಯುವ ಮೊದಲೇ ಮುಗಿಯಬೇಕಿತ್ತು. ಸುವ್ವಿಯ ತಗಡು ಮೊದಲು ಏರಿತು. "ಸುವರ್ಣಾ" ಎಂದು ಅತ್ತೆ ಕೂಗಿದರು, ಅವಳು ಬೀದಿಗೆಲ್ಲ ಕೇಳುವಂತೆ "ಓ" ಎಂದಳು. ಆಮೇಲೆ ನನ್ನದು, ಗಂಡನದು. ಅತ್ತೆಯ ಹೆಸರು ಕೂಗಲು ಅವರಿಗಿಂತ ಹಿರಿಯರಿಲ್ಲದ್ದರಿಂದ ಅವರೇ ತಮ್ಮನ್ನು ಕೂಗಿಕೊಂಡು ತಾವೇ ಓ ಎಂದರು. ಎಲ್ಲರೂ ನಕ್ಕೆವು. ಕೊನೆಗೆ ಆ ಮೂಲೆಯ ತಗಡು ಉಳಿಯಿತು. ನಗು ಅಲ್ಲಿಗೆ ನಿಂತಿತು.

ಮಂದಾಕಿನಿ ಕೈಯನ್ನು ಸೀರೆಗೆ ಒರೆಸಿಕೊಂಡು ತಗಡಿನ ಮೇಲಿಟ್ಟಳು. ಬಣ್ಣ ಮೆತ್ತಿದ ಉಗುರುಗಳು. ಏಣಿಯ ಮೇಲೆ ಒಬ್ಬಳು ಸ್ಕ್ರೂ ಹಿಡಿದು ಕಾಯುತ್ತಿದ್ದಳು.

"ಹೇಳಬೇ ಅವ್ವಾ, ಸಿದ್ರಾಮ ಅಂತ. ಬಿಸಲು ಬಂತು" ಎಂದ ಗಂಡ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಡುವಂತಿತ್ತು.

ಅತ್ತೆ ಬಾಯಿ ತೆರೆದರು. ಹೆಸರು ಬರಲಿಲ್ಲ. ಅವರು ಗೋಡೆ ಹಿಡಿದುಕೊಂಡು ಒಂದೊಂದೇ ಹೆಜ್ಜೆ ನಡೆದು ಮಂದಾಕಿನಿಯ ಹತ್ತಿರ ಬಂದರು. ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಹುಬ್ಬು ಸವರಿದರು, ಕಿವಿ ಸವರಿದರು, ಕಿವಿಯಲ್ಲಿದ್ದ ಓಲೆಯ ಹತ್ತಿರ ಬೆರಳು ಸ್ವಲ್ಪ ಹೊತ್ತು ನಿಂತಿತು.

"ಈಗ ನಿನ್ನ ಎಲ್ಲಾರೂ ಏನಂತ ಕರೀತಾರ?" ಎಂದರು.

"ಮಂದಾಕಿನಿ, ಅವ್ವಾ."

"ಮಂದಾಕ..."

"ಮಂ-ದಾ-ಕಿ-ನಿ."

"ಎಷ್ಟ ಉದ್ದದ್ದು ಇಟ್ಕೊಂಡೀ ನಮ್ಮವ್ವಾ. ನನ್ನ ಬಾಯಾಗ ಹಲ್ಲೂ ಇಲ್ಲ." ಅತ್ತೆ ತುಟಿಯಲ್ಲೇ ಎರಡು ಮೂರು ಸಲ ಹೇಳಿಕೊಂಡರು. ಗಂಡ ಏನೋ ಹೇಳಹೋದ. ಅತ್ತೆ ಅವನ ಕಡೆ ತಿರುಗದೆಯೇ ಕೈ ಎತ್ತಿದರು. "ಆವತ್ತು ನಿಮ್ಮಪ್ಪ ಬಾಯಿಗೆ ಬಂದದ್ದಂದ್ರು, ನಾ ಕಂಬದಂಗ ನಿಂತೆ. ಇವತ್ತು ನನ್ನ ಸರತಿ ಐತಿ. ನೀ ಸುಮ್ಮಕಿರು ಮಾಲಿಂಗಾ." ಆಮೇಲೆ ತಲೆ ಎತ್ತಿ, ಇದ್ದಷ್ಟು ದನಿ ತೆಗೆದು ಕೂಗಿದರು: "ಮಂದಾಕ್ನೀ!"

ಒಂದು ಅಕ್ಷರ ನುಂಗಿಹೋಗಿತ್ತು. ನಾನು ಬೆಚ್ಚಿ ಮಂದಾಕಿನಿಯನ್ನು ನೋಡಿದೆ. ಅವಳು ತಿದ್ದಲಿಲ್ಲ. "ಓ" ಎಂದಳು. ಸ್ಕ್ರೂ ತಿರುಗಿತು.

ಅದು ತಾಗಿತೋ ಇಲ್ಲವೋ ತಿಳಿಯಲು ನೆತ್ತಿಯ ಬಿಸಿಲಿನವರೆಗೆ ಕಾಯಬೇಕಿತ್ತು. ಗಂಡ ಗಿರಣಿಗೆ ಹೋಗದೆ ಅಂಗಳದಲ್ಲಿ ಹಳೆಯ ಜಂತಿಗಳನ್ನು ಸುಮ್ಮನೆ ಆಚೆಯಿಂದ ಈಚೆಗೆ ಒಟ್ಟುತ್ತಿದ್ದ. ತಂಡದವರು ಹೊಂಡಕ್ಕೆ ಹೋದರು. ನಾವು ನಮ್ಮ ನಮ್ಮ ತಗಡಿನ ಕೆಳಗೆ ಕೂತೆವು, ಮಂದಾಕಿನಿ ಹೋಗಿ ಆ ಕೌದಿಯ ಮೇಲೆ ಕೂತಳು. ಬಿಸಿಲು ನೆತ್ತಿಗೆ ಬಂತು. ಅವಳ ಹಣೆಯ ಮೇಲೆ ಬೆವರು ಮೂಡಿತು, ಕೆನ್ನೆಯ ಮೇಲೆ ಇಳಿಯಿತು, ಕುತ್ತಿಗೆಗೆ ಹರಿಯಿತು. ನನ್ನ ತಗಡಿನ ಕೆಳಗೂ ಆ ದಿನ ಬಿಸಿಯಾಗಿತ್ತು, ಹೊಸದಾಗಿ ಏರಿದ್ದು ತಂಪು ಹಿಡಿಯಲು ಹೊತ್ತು ಬೇಕೇನೋ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಸ್ವಲ್ಪ ಹೊತ್ತಿಗೆ ನನ್ನದು ತಣ್ಣಗಾಯಿತು, ಸುವ್ವಿ ತನ್ನದೂ ತಣ್ಣಗಾಯಿತೆಂದು ಕೂಗಿದಳು. ಮಂದಾಕಿನಿ ಇನ್ನೂ ಬೆವರುತ್ತಿದ್ದಳು.

"ಏನವ್ವಾ, ತಂಪಾತೇನು?" ಎಂದರು ಅತ್ತೆ.

"ತಡೀಬೇ."

"ಆಗಲಿಲ್ಲಾಂದ್ರ ಹೇಳು. ನಾನೂ ಇಲ್ಲಿಂದೆದ್ದು ನಿನ್ನ ಹಂತೇಕ ಬಂದು ಕೂಡ್ತೀನಿ. ಇಬ್ಬರೂ ಕೂಡಿ ಬೇಯೂಣು."

ಮಂದಾಕಿನಿ ನಗಹೋದಳು. ನಗು ಅರ್ಧಕ್ಕೆ ಆಕಳಿಕೆಯಾಯಿತು. ಅವಳು ಅಂಗಿಯ ತೋಳಿನಿಂದ ಕುತ್ತಿಗೆ ಒರೆಸಿಕೊಂಡಳು. ಒರೆಸಿದ ಮೇಲೆ ಅಲ್ಲಿ ಹೊಸ ಬೆವರು ಬರಲಿಲ್ಲ. ನಾನು ಕಣ್ಣು ಕೀಲಿಸಿ ನೋಡುತ್ತಲೇ ಇದ್ದೆ. ಅವಳ ಭುಜ ಇಳಿಯಿತು, ತಲೆ ವಾಲಿತು. ಏನೋ ಹೇಳಲು ಹೊರಟವಳು ಹೇಳದೆಯೇ ಕೌದಿಯ ಮೇಲೆ ಮಗ್ಗುಲಾಗಿ ಕಾಲು ಮಡಿಸಿಕೊಂಡಳು. ಅತ್ತೆ "ಏನಂದ್ಲು? ಏನಂದ್ಲು?" ಎಂದು ಕೇಳುತ್ತಿದ್ದರು. "ಮಲಗ್ಯಾಳತ್ತೀ" ಎಂದೆ. ನಾನು "ಮಲಗ್ಯಾನ" ಎನ್ನದೆ "ಮಲಗ್ಯಾಳ" ಎಂದದ್ದು ನನ್ನ ಕಿವಿಗೇ ಆಮೇಲೆ ಕೇಳಿಸಿತು. ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡರು. ಸುವ್ವಿ ನನ್ನ ಕಡೆ ಬಾಗಿ, "ನಾ ಅಕಿಗೆ ಏನನ್ನಲಿ? ಕಾಕಾನೋ, ಅತ್ತಿನೋ?" ಎಂದು ಪಿಸುಗುಟ್ಟಿದಳು. "ಎದ್ದ ಮ್ಯಾಲೆ ಅಕಿನ್ನ ಕೇಳು" ಎಂದೆ. ನನಗೆ ಅಷ್ಟೇ ತೋಚಿತು.

ಹೊರಗೆ ಬಾಗಿಲ ಬಳಿ ಸದ್ದಾಯಿತು. ಆ ಉರಿಯಲ್ಲೂ ಫಕೀರವ್ವ ಬಂದಿದ್ದಳು. ತಗಡು ಏರಿಸುವಾಗ ಕೇಳಿದ ಹೆಸರು ಅವಳನ್ನು ಮನೆಯಲ್ಲಿ ಕೂಡಲು ಬಿಟ್ಟಿರಲಿಲ್ಲ. ನನ್ನ ಗಂಡ ಇನ್ನೂ ಅಂಗಳದಲ್ಲೇ ಇದ್ದ, ಕೊಡೆಯಿಲ್ಲದೆ, ಅಂಗಿಯೆಲ್ಲ ತೊಯ್ದು. ಅವನು ಕಿಟಕಿಯಿಂದ ಆ ಮೂಲೆಯನ್ನು ಎಷ್ಟು ಹೊತ್ತಿನಿಂದ ನೋಡುತ್ತಿದ್ದನೋ ನಾನು ಗಮನಿಸಿರಲಿಲ್ಲ.

"ಏನ್ ಮಾಲಿಂಗಪ್ಪಾ, ಹೆಸರು ಬ್ಯಾರೇನ ಕೇಳಿದಂಗಾತಲ್ಲ!" ಫಕೀರವ್ವನ ದನಿ ಓಣಿಯ ತುದಿಗೂ ಕೇಳುವಂತಿತ್ತು. "ಒಳಗ ನಿಮ್ಮ ಸಿದ್ರಾಮನ ಮಂಚದ ಮ್ಯಾಲೆ ಮಲಗಿದಾಕಿ ಯಾರಪ್ಪಾ ಅಕಿ?"

ಗಂಡ ಕೈಯಲ್ಲಿದ್ದ ಜಂತಿಯನ್ನು ಸದ್ದಾಗದಂತೆ ಕೆಳಗಿಟ್ಟ.

"ನಮ್ಮ ತಂಗಿ" ಎಂದ. "ಸಣ್ಣಗ ಮಾತಾಡ್ರಿ. ಈಗರ ನಿದ್ದಿ ಹತ್ತೈತಿ ಅಕಿಗೆ."